ಬ್ಯಾಡ್ಜ್ ಕೊಟ್ಟಾಯ್ತು, ಮುಂದೇನು? ಶಾಲಾ ಮಕ್ಕಳಲ್ಲಿ ನಾಯಕತ್ವ ಬೆಳೆಸುವ ಬಗೆ

ಶಿಕ್ಷಕರೂ ಕೇಳುತ್ತಾರೆ, ಅಪ್ಪ ಅಮ್ಮಂದಿರೂ ಕೇಳುತ್ತಾರೆ: "ಮಕ್ಕಳಲ್ಲಿ ನಾಯಕತ್ವದ ಗುಣ ಬೆಳೆಸೋದು ಹೇಗೆ?" ಸ್ವಲ್ಪ ಮಾತಾಡಿಸಿದರೆ ಒಳಗಿನ ಪ್ರಶ್ನೆ ಹೊರಗೆ ಬರುತ್ತದೆ. ನನ್ನ ಮಗಳು ತುಂಬಾ ಸಂಕೋಚದವಳು, ಅವಳಿಂದ ಆಗುತ್ತಾ? ಹುಡುಗನನ್ನು ಕ್ಲಾಸ್ ಲೀಡರ್ ಮಾಡಿದ್ದೀವಿ, ಬ್ಯಾಡ್ಜೂ ಕೊಟ್ಟಿದ್ದೀವಿ, ಗದರಿಸೋದು ಬಿಟ್ಟು ಬೇರೇನೂ ಕಲಿತಿಲ್ಲ, ಯಾಕೆ?

ಎರಡಕ್ಕೂ ಕಾರಣ ಒಂದೇ. ಮಕ್ಕಳಿಗೆ ನಾವು ಪದವಿ ಕೊಡುತ್ತೇವೆ, ತೀರ್ಮಾನ ಮಾತ್ರ ನಮ್ಮ ಹತ್ತಿರವೇ ಇಟ್ಟುಕೊಳ್ಳುತ್ತೇವೆ. ಯಾವ ಪುಸ್ತಕ ಎಲ್ಲಿಡಬೇಕು ಅಂತ ದೊಡ್ಡವರೇ ಹೇಳಿ, ಎತ್ತಿಡುವ ಕೆಲಸ ಮಾತ್ರ ಮಗುವಿಗೆ ಬಿಟ್ಟರೆ ಮಗು ಕಲಿಯುವುದು ಎತ್ತಿಡುವುದನ್ನೇ. ಕೆಳಗಿನ ಏಳು ಹಂತಗಳಲ್ಲಿ ಉದ್ದಕ್ಕೂ ಬರುವುದು ಇದೇ ಮಾತು: ಒಂದು ನಿಜವಾದ ತೀರ್ಮಾನವನ್ನು ಮಕ್ಕಳ ಕೈಗೆ ದಾಟಿಸುವುದು ಹೇಗೆ, ದಾಟಿಸಿದ ಮೇಲೆ ಕೈ ಹಿಂದಕ್ಕೆ ಎಳೆದುಕೊಳ್ಳುವುದು ಹೇಗೆ.

ಶುರು ಮಾಡುವ ಮುಂಚೆ ಏನೇನು ಬೇಕು?

ಜಾಸ್ತಿ ಏನೂ ಬೇಡ. ನಾಲ್ಕೈದು ಮಕ್ಕಳು, ವಾರಕ್ಕೆ ಇಪ್ಪತ್ತು ನಿಮಿಷ, ಒಂದು ನೋಟ್‌ಬುಕ್. ಜೊತೆಗೆ ಬಾಯಿ ಮುಚ್ಚಿಕೊಂಡು ಕೂರಬಲ್ಲ ಒಬ್ಬ ದೊಡ್ಡವರು. ಕೊನೆಯದು ಸಿಗುವುದೇ ಕಷ್ಟ. ತಮಾಷೆಗೆ ಹೇಳುತ್ತಿಲ್ಲ, ಇಡೀ ಪ್ರಯತ್ನ ಕೆಡುವುದು ಹೆಚ್ಚಾಗಿ ಅಲ್ಲೇ.

ಹಂತ 1: ನಿಜವಾದ ಕೆಲಸ ಹುಡುಕಿ

ಭಾಷಣ, ಶಿಬಿರ, ವ್ಯಕ್ತಿತ್ವ ವಿಕಸನದ ತರಗತಿ, ಇವೆಲ್ಲ ಆಮೇಲೆ ನೋಡೋಣ. ಮೊದಲು ಒಂದು ಕೆಲಸ ಬೇಕು. ಆರಿಸುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಕೆಲಸ ಆಗದೇ ಹೋದರೆ ಯಾರಿಗಾದರೂ ಗೊತ್ತಾಗುತ್ತಾ? ಇದರಲ್ಲಿ ಮಕ್ಕಳೇ ತೆಗೆದುಕೊಳ್ಳಬೇಕಾದ ಒಂದಾದರೂ ತೀರ್ಮಾನ ಇದೆಯಾ? ಮೂರು ನಾಲ್ಕು ವಾರದಲ್ಲಿ ಒಂದು ಸುತ್ತು ಮುಗಿಯುತ್ತಾ? ಮೂರಕ್ಕೂ ಹೌದು ಅಂತ ಬಂದರೆ ಶುರು ಮಾಡಿ.

ತರಗತಿಯ ಪುಸ್ತಕದ ಕಪಾಟು, ಆಟದ ಸಾಮಾನಿನ ಕೋಣೆ, ಗೋಡೆ ಪತ್ರಿಕೆ, ಹೊಸದಾಗಿ ಸೇರಿದ ಮಗುವಿಗೆ ಮೊದಲ ವಾರ ಜೊತೆ ಕೊಡುವುದು, ಕಳೆದು ಸಿಕ್ಕ ವಸ್ತುಗಳ ಪೆಟ್ಟಿಗೆ. ಇಂಥವು ಚೆನ್ನಾಗಿ ನಡೆಯುತ್ತವೆ. ಗಲಾಟೆ ಮಾಡುವವರ ಹೆಸರನ್ನು ಬೋರ್ಡ್ ಮೇಲೆ ಬರೆಯುವ ಕೆಲಸ ಮಾತ್ರ ಕೊಡಬೇಡಿ. ಅದು ಪೊಲೀಸ್ ಕೆಲಸ. ಮಗು ಅದರಿಂದ ಕಲಿಯುವುದು ಇಷ್ಟೇ: ಅಧಿಕಾರ ಅಂದರೆ ಯಾರ ಹೆಸರು ಬರೆಯಬೇಕು, ಯಾರದ್ದು ಬಿಡಬೇಕು ಅನ್ನುವುದು. ಗೆಳೆಯರ ಹೆಸರು ಬೋರ್ಡಿಗೆ ಬರುವುದೇ ಇಲ್ಲ, ನೋಡಿದ್ದೀರಲ್ವಾ?

ಮಕ್ಕಳ ಭಾಗವಹಿಸುವಿಕೆಯ ಬಗ್ಗೆ ಕೆಲಸ ಮಾಡಿದ ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪ್ರಬಂಧದಲ್ಲಿ ಎಂಟು ಮೆಟ್ಟಿಲಿನ ಒಂದು ಏಣಿ ತೋರಿಸಿದರು. ಕೆಳಗಿನ ಮೂರು ಮೆಟ್ಟಿಲನ್ನು ಅವರು ಭಾಗವಹಿಸುವಿಕೆ ಅಂತ ಒಪ್ಪುವುದೇ ಇಲ್ಲ. ದೊಡ್ಡವರು ತಮ್ಮ ಮಾತನ್ನೇ ಮಕ್ಕಳ ಬಾಯಲ್ಲಿ ಹೇಳಿಸುವುದು, ಮಕ್ಕಳನ್ನು ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗಷ್ಟೇ ಸೇರಿಸಿಕೊಳ್ಳುವುದು. ವೇದಿಕೆ ಮೇಲೆ ಯಾರೋ ಬರೆದುಕೊಟ್ಟ ಭಾಷಣ ಒಪ್ಪಿಸುವ ಮಗುವನ್ನು ನೆನಪಿಸಿಕೊಳ್ಳಿ. ಆ ಮಗು ಏಣಿಯ ಬುಡದಲ್ಲೇ ಇದೆ.

ವಯಸ್ಸು ನೋಡಿಕೊಳ್ಳಿ. ಆರೇಳು ವರ್ಷದವರಿಗೆ ಒಂದೇ ದಿನದ ಕೆಲಸ ಸಾಕು. ಒಂಬತ್ತು ಹತ್ತರವರು ಜೋಡಿಯಾಗಿ ಒಂದು ವಾರ ನಿಭಾಯಿಸುತ್ತಾರೆ. ಹನ್ನೆರಡು ದಾಟಿದವರ ಗುಂಪಿಗೆ ಒಂದು ತಿಂಗಳು ಕೊಡಬಹುದು. ಹದಿನೈದರವರಿಗೆ ಚಿಕ್ಕ ಮಕ್ಕಳಿಗೆ ಕೆಲಸ ಕಲಿಸುವ ಜವಾಬ್ದಾರಿಯನ್ನೇ ಕೊಡಿ.

ಹಂತ 2: ಬೇಲಿ ಎಲ್ಲಿದೆ ಅಂತ ಬರೆದುಕೊಡಿ

"ನಿಮಗೆ ಹೇಗೆ ಬೇಕೋ ಹಾಗೆ ಮಾಡಿ" ಅಂತ ಹೇಳಿ, ಮಾಡಿದ ಮೇಲೆ "ಇದನ್ಯಾಕೆ ಹೀಗೆ ಮಾಡಿದ್ರಿ?" ಅಂತ ಕೇಳಿದರೆ ಮಕ್ಕಳು ಮತ್ತೆ ನಮ್ಮನ್ನು ನಂಬುವುದಿಲ್ಲ. ಅದಕ್ಕೇ ಮೊದಲ ದಿನವೇ ಒಂದು ಹಾಳೆಯಲ್ಲಿ ಮೂರು ಸಾಲು ಬರೆಯಿರಿ.

ನೀವೇ ತೀರ್ಮಾನ ಮಾಡುವುದು: ಪುಸ್ತಕ ಜೋಡಿಸುವ ಕ್ರಮ, ಕೊಡುವ ಸಮಯ, ತಡ ಮಾಡಿದವರಿಗೆ ಏನು ಹೇಳಬೇಕು ಅನ್ನುವುದು.
ಕೇಳಿ ಮಾಡುವುದು: ಖರ್ಚು ಇರುವ ಯಾವುದೇ ಕೆಲಸ, ಬೇರೆ ತರಗತಿಗೆ ಸಂಬಂಧಿಸಿದ್ದು.
ಮಾಡಲೇಬಾರದ್ದು: ದಂಡ ಹಾಕುವುದು, ಯಾರನ್ನಾದರೂ ಎಲ್ಲರ ಎದುರು ನಿಲ್ಲಿಸಿ ಬೈಯುವುದು.

ಈ ಹಾಳೆಯನ್ನು ಕೆಲಸ ನಡೆಯುವ ಜಾಗದಲ್ಲೇ ಅಂಟಿಸಿ. ಬೇಲಿ ಇಲ್ಲದಿದ್ದರೆ ಏನಾಗುತ್ತದೆ, ತೀರಾ ಬಿಗಿಯಾದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಹಳೆಯ ಪ್ರಯೋಗ ಇದೆ. ಕರ್ಟ್ ಲೆವಿನ್, ರೊನಾಲ್ಡ್ ಲಿಪ್ಪಿಟ್, ರಾಲ್ಫ್ ವೈಟ್ ಸೇರಿ ಹತ್ತು ವರ್ಷದ ಆಸುಪಾಸಿನ ಹುಡುಗರ ಕ್ಲಬ್‌ಗಳ ಮೇಲೆ ಮಾಡಿದ್ದು, ಪ್ರಕಟವಾಗಿದ್ದು 1939ರಲ್ಲಿ. ಕೆಲವು ಸಲ ಕ್ಲಬ್ಬಿನ ದೊಡ್ಡವರು ಎಲ್ಲವನ್ನೂ ತಾವೇ ಹೇಳಿ ಮಾಡಿಸಿದರು, ಕೆಲವು ಸಲ ಹುಡುಗರ ಜೊತೆ ಕೂತು ಚರ್ಚೆ ಮಾಡಿದರು, ಇನ್ನು ಕೆಲವು ಸಲ ಸುಮ್ನೆ ಬಿಟ್ಟುಬಿಟ್ಟರು. ಹೇಳಿ ಮಾಡಿಸಿದ ಗುಂಪಿನಲ್ಲಿ ಕೆಲಸವೇನೋ ಆಯಿತು, ಆದರೆ ದೊಡ್ಡವರು ಹೊರಗೆ ಹೋದ ಕೂಡಲೇ ಕುಸಿಯಿತು. ಚರ್ಚೆ ಮಾಡಿದ ಗುಂಪು ಅವರಿಲ್ಲದಾಗಲೂ ಕೆಲಸ ಮುಂದುವರಿಸಿತು. ಸುಮ್ನೆ ಬಿಟ್ಟ ಗುಂಪಿನ ಕೆಲಸ ಕಡಿಮೆ, ಗುಣವೂ ಅಷ್ಟಕ್ಕಷ್ಟೇ. ನೀವೂ ಹೀಗೆ ಪರೀಕ್ಷೆ ಮಾಡಿ ನೋಡಬಹುದು: ಹತ್ತು ನಿಮಿಷ ಹೊರಗೆ ಹೋಗಿ ಬನ್ನಿ.

ಹಂತ 3: ಗುಂಪು ಚಿಕ್ಕದಿರಲಿ, ಪ್ರತಿಯೊಬ್ಬರಿಗೂ ಒಂದು ಕೆಲಸ ಇರಲಿ

ಗುಂಪಿನಲ್ಲಿ ನಾಲ್ಕು ಜನ ಇದ್ದರೆ ಒಳ್ಳೆಯದು, ಐದಾದರೂ ನಡೆಯುತ್ತದೆ. ಎಂಟಾದರೆ ಮೂವರು ದುಡಿಯುತ್ತಾರೆ, ಐವರು ನೋಡುತ್ತಾರೆ. ಇದಕ್ಕೆ ಮನಶ್ಶಾಸ್ತ್ರದಲ್ಲಿ 'ಸಾಮಾಜಿಕ ಆಲಸ್ಯ' ಅನ್ನುತ್ತಾರೆ. ಅಂದರೆ ಗುಂಪು ದೊಡ್ಡದಾದಷ್ಟೂ ಒಬ್ಬೊಬ್ಬರೂ ಹಾಕುವ ಶ್ರಮ ಕಡಿಮೆಯಾಗುವುದು. 1979ರ ಒಂದು ಪ್ರಯೋಗದಲ್ಲಿ ಜನರಿಗೆ ಜೋರಾಗಿ ಚಪ್ಪಾಳೆ ತಟ್ಟಲು, ಕೂಗಲು ಹೇಳಿದರು. ಜೊತೆಗಿದ್ದವರು ಹೆಚ್ಚಾದಂತೆ ಒಬ್ಬೊಬ್ಬರ ಸದ್ದು ಇಳಿಯುತ್ತಾ ಹೋಯಿತು. ಚಪ್ಪಾಳೆಯ ಕಥೆಯೇ ಹೀಗಾದರೆ ಗೋಡೆ ಪತ್ರಿಕೆಯ ಕಥೆ ಕೇಳಬೇಕಾ?

ಕೆಲಸ ಹಂಚಿಬಿಡಿ. ಒಬ್ಬರು ಸಭೆ ನಡೆಸುವವರು, ಒಬ್ಬರು ಬರೆದುಕೊಳ್ಳುವವರು, ಒಬ್ಬರು ಗಡಿಯಾರ ನೋಡುವವರು, ಒಬ್ಬರು ಹೊರಗಿನವರ ಜೊತೆ ಮಾತಾಡುವವರು. ಎರಡು ವಾರಕ್ಕೊಮ್ಮೆ ಬದಲಾಯಿಸಿ. ಚೆನ್ನಾಗಿ ಮಾಡುತ್ತಿರುವ ಮಗುವನ್ನು ಬದಲಾಯಿಸಲು ಮನಸ್ಸು ಬರುವುದಿಲ್ಲ, ಗೊತ್ತು. ಆದರೂ ಬದಲಾಯಿಸಿ. ಸಭೆ ನಡೆಸಿದ ಮಗು ಮುಂದಿನ ಸರದಿಯಲ್ಲಿ ಬರೆದುಕೊಳ್ಳಲು ಕೂತಾಗಲೇ ಅದಕ್ಕೆ ಇನ್ನೊಂದು ಬದಿಯ ಕಷ್ಟ ತಿಳಿಯುವುದು.

ಸಂಕೋಚದ ಮಗುವಿನ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಆ ಮಗುವನ್ನು ಮೊದಲ ದಿನವೇ ಎಲ್ಲರ ಮುಂದೆ ನಿಲ್ಲಿಸಬೇಡಿ. ಬರೆದುಕೊಳ್ಳುವ ಕೆಲಸ ಕೊಡಿ. ಸಭೆಯ ಕೊನೆಗೆ ಬರೆದದ್ದನ್ನು ಓದಿ ಹೇಳಬೇಕಲ್ಲ, ಅದು ಒಂದು ನಿಮಿಷದ ಮಾತು, ಕೈಯಲ್ಲಿ ಹಾಳೆಯೂ ಇರುತ್ತದೆ. ಎಷ್ಟೋ ಮಕ್ಕಳು ಬಾಯಿ ಬಿಡುವುದು ಹೀಗೆ. ಕೆಲವರು ಕೊನೆಯವರೆಗೂ ಜಾಸ್ತಿ ಮಾತಾಡುವುದಿಲ್ಲ, ಆದರೆ ಗುಂಪು ಪೂರ್ತಿ ಅವರ ಮಾತಿಗೇ ಕಾಯುತ್ತಿರುತ್ತದೆ. ಅದೂ ನಾಯಕತ್ವವೇ.

ಹಂತ 4: ಸಭೆ ನಡೆಸುವುದನ್ನು ಕಲಿಸಿ

ಏಳು ಹಂತಗಳಲ್ಲಿ ಒಂದನ್ನಷ್ಟೇ ಮಾಡಲು ಸಾಧ್ಯ ಅನ್ನುವವರಿಗೆ ನಾನು ಹೇಳುವುದು ಇದನ್ನೇ. ನಾಲ್ಕು ಜನರನ್ನು ಕೂರಿಸಿಕೊಂಡು, ಎಲ್ಲರ ಮಾತು ಕೇಳಿ, ಒಂದು ತೀರ್ಮಾನಕ್ಕೆ ಬಂದು, ಎದ್ದು ಹೋಗುವುದು ಎಷ್ಟೋ ದೊಡ್ಡವರಿಗೇ ಬರುವುದಿಲ್ಲ. ಮಕ್ಕಳಿಗೆ ತಾನಾಗೇ ಬರಲಿ ಅಂದರೆ ಹೇಗೆ?

ಮೊದಲು ಚೀಟಿ. ಸಭೆ ನಡೆಸುವ ಮಗು ಹಿಂದಿನ ದಿನವೇ ಒಂದು ಚೀಟಿಯಲ್ಲಿ ಇವತ್ತು ತೀರ್ಮಾನ ಆಗಬೇಕಾದ ವಿಷಯ ಬರೆಯಬೇಕು. ಹೆಚ್ಚೆಂದರೆ ಮೂರು. ವಿಷಯವನ್ನು ಪ್ರಶ್ನೆಯಾಗಿಯೇ ಬರೆಯಲು ಹೇಳಿ. "ಗೋಡೆ ಪತ್ರಿಕೆ" ಅಂತ ಬರೆದರೆ ಅರ್ಧ ಗಂಟೆ ಹರಟೆ ಆಗುತ್ತದೆ. "ಗೋಡೆ ಪತ್ರಿಕೆಯ ಮೊದಲ ಸಂಚಿಕೆ ಯಾವ ದಿನ ಹಾಕೋಣ?" ಅಂತ ಬರೆದರೆ ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ.

ಆಮೇಲೆ ಒಂದು ಸುತ್ತು ಮಾತು. ಚರ್ಚೆಗೆ ಮುಂಚೆ ಪ್ರತಿಯೊಬ್ಬರೂ ಒಂದೊಂದು ಸಲ ಮಾತಾಡಬೇಕು, ನಡುವೆ ಬಾಯಿ ಹಾಕುವ ಹಾಗಿಲ್ಲ. "ನನಗೆ ಇನ್ನೂ ಗೊತ್ತಿಲ್ಲ" ಅಂದರೂ ನಡೆಯುತ್ತದೆ. ಸಭೆ ನಡೆಸುವವರು ಕೊನೆಗೆ ಮಾತಾಡಬೇಕು. ಅವರೇ ಮೊದಲು ಹೇಳಿಬಿಟ್ಟರೆ ಉಳಿದವರು "ನಂದೂ ಅದೇ" ಅಂದುಬಿಡುತ್ತಾರೆ.

ಇನ್ನೊಂದು ಸಣ್ಣ ಉಪಾಯ, ಮನಸ್ಸಿನಲ್ಲೇ ಮೂರರವರೆಗೆ ಎಣಿಸುವುದು. ಮೇರಿ ಬಡ್ ರೋ ಅನ್ನುವ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳನ್ನು ಗಮನಿಸಿದಾಗ ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಬಾಯಿ ಬಿಡದ ಮಕ್ಕಳೂ ಮಾತಾಡಿದರು. ಇದನ್ನೇ ಸಭೆ ನಡೆಸುವ ಮಗುವಿಗೂ ಹೇಳಿಕೊಡಿ. ಪ್ರಶ್ನೆ ಕೇಳು, ಮೂರರವರೆಗೆ ಎಣಿಸು, ಆಮೇಲೆ ಬೇಕಾದರೆ ಮಾತಾಡು.

ಒಪ್ಪದಿದ್ದರೆ? ಇಲ್ಲಿ ಒಂದು ನಿಯಮ ಇಡಿ. ಎದುರಿನವರ ಮಾತನ್ನು ಮೊದಲು ತನ್ನ ಮಾತಲ್ಲಿ ಹೇಳಬೇಕು, ಅವರು "ಹೌದು, ಅದೇ" ಅಂದ ಮೇಲೆ ತನ್ನ ಆಕ್ಷೇಪ ಹೇಳಬೇಕು. ಒಂದು ಗುಂಪಿನಲ್ಲಿ ನಡೆದದ್ದು ಹೀಗೆ:

"ನೀನು ಪತ್ರಿಕೆಯಲ್ಲಿ ಬರೀ ಚಿತ್ರ ಇರಲಿ ಅಂತೀಯ."
"ಬರೀ ಚಿತ್ರ ಅಂದಿಲ್ಲ. ಚಿತ್ರ ದೊಡ್ಡದಿರಲಿ ಅಂದೆ. ದೂರದಿಂದ ಕಾಣಬೇಕಲ್ಲ."
"ಓ, ದೂರದಿಂದ ಕಾಣಬೇಕು ಅಂತ."
"ಹೌದು, ಅದೇ."
"ಹಾಗಾದ್ರೆ ತಲೆಬರಹವನ್ನೇ ದೊಡ್ಡದು ಮಾಡಿದ್ರೆ ಆಗಲ್ವಾ?"

ಜಗಳ ಅರ್ಧಕ್ಕರ್ಧ ಅಲ್ಲೇ ಕರಗಿತು. ಇಬ್ಬರೂ ಬೇರೆ ಬೇರೆ ವಿಷಯಕ್ಕೆ ಗುದ್ದಾಡುತ್ತಿದ್ದರು, ಅಷ್ಟೇ.

ವೋಟ್ ಹಾಕುವುದನ್ನು ಕೊನೆಗೆ ಇಟ್ಟುಕೊಳ್ಳಿ. ನಾಲ್ಕು ಜನರ ಗುಂಪಿನಲ್ಲಿ ಮೂವರು ಒಂದು ಕಡೆ ಕೈ ಎತ್ತಿದರೆ ಸೋತ ಮಗು ಒಂಟಿಯಾಗುತ್ತದೆ. ಅದಕ್ಕಿಂತ "ಎರಡು ವಾರ ಹೀಗೆ ಮಾಡಿ ನೋಡೋಣ, ಸರಿ ಹೋಗದಿದ್ದರೆ ನಿನ್ನ ರೀತಿ ಮಾಡೋಣ" ಅನ್ನುವುದು ಚೆನ್ನಾಗಿ ಕೆಲಸ ಮಾಡುತ್ತದೆ. ಏಳುವ ಮುಂಚೆ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ತುಂಬಿರಬೇಕು: ಯಾರು, ಏನು, ಯಾವಾಗ. "ಎಲ್ಲರೂ ಸೇರಿ ಮಾಡುವುದು" ಅಂತ ಬರೆದಿದ್ದರೆ ಅದನ್ನು ಯಾರೂ ಮಾಡುವುದಿಲ್ಲ. ಒಂದು ಹೆಸರು ಬರೆಸಿ.

ಹಂತ 5: ಸಾರುವೆ ಬಿಚ್ಚುತ್ತಾ ಹೋಗಿ

ಕಟ್ಟಡ ಕಟ್ಟುವಾಗ ಸುತ್ತ ಮರದ ಸಾರುವೆ ಕಟ್ಟುತ್ತಾರಲ್ಲ, ಕಲಿಕೆಯ ಬಗ್ಗೆ ಮಾತಾಡುವವರೂ ಅದೇ ಪದ ಬಳಸುತ್ತಾರೆ. 1976ರಲ್ಲಿ ವುಡ್, ಬ್ರೂನರ್, ರಾಸ್ ಬರೆದ ಲೇಖನದಿಂದ ಅದು ಬಳಕೆಗೆ ಬಂತು. ಮಗುವಿಗೆ ಆಗದ ಭಾಗವನ್ನು ಮಾತ್ರ ದೊಡ್ಡವರು ಹಿಡಿದುಕೊಳ್ಳುವುದು, ಆಗುತ್ತಾ ಬಂದಂತೆ ಬಿಡುವುದು ಅಂತ ಅರ್ಥ. ಗೋಡೆ ಎದ್ದ ಮೇಲೂ ಸಾರುವೆ ಬಿಚ್ಚದ ಕಟ್ಟಡವನ್ನು ಯಾರೂ ಮನೆ ಅನ್ನುವುದಿಲ್ಲ.

ಮೊದಲ ಸಭೆಯನ್ನು ನೀವೇ ನಡೆಸಿ, ಮಕ್ಕಳು ನೋಡಲಿ. ಎರಡನೆಯದನ್ನು ಒಂದು ಮಗು ನಡೆಸಲಿ, ನೀವು ಪಕ್ಕದಲ್ಲೇ ಕೂತು ನೆನಪಿಸಿ. ಮೂರನೆಯದಕ್ಕೆ ಕೋಣೆಯ ಮೂಲೆಗೆ ಹೋಗಿ. ನಾಲ್ಕನೆಯದಕ್ಕೆ ಹೋಗಲೇಬೇಡಿ, ನೋಟ್‌ಬುಕ್ ಮಾತ್ರ ತರಿಸಿಕೊಂಡು ನೋಡಿ. ಮಕ್ಕಳು ಬಂದು "ಈಗ ಏನು ಮಾಡೋಣ?" ಅಂತ ಕೇಳಿದರೆ ಉತ್ತರ ಕೊಡಬೇಡಿ. "ನಿಮಗೆ ಎಷ್ಟು ದಾರಿ ಕಾಣುತ್ತಿದೆ?" ಅಂತ ಕೇಳಿ. ಎರಡು ದಾರಿ ಹೇಳಿದ ಮೇಲೆ "ಯಾವುದು ಕೆಟ್ಟರೆ ಸರಿ ಮಾಡುವುದು ಸುಲಭ?" ಅಂತ ಕೇಳಿ. ಮೊದಮೊದಲು ಅವರಿಗೆ ಕಿರಿಕಿರಿ ಆಗುತ್ತದೆ. ಆಗಲಿ.

ಈ ಹಂತದಲ್ಲಿ ನಾನೇ ಎಡವಿದ್ದೇನೆ. ಒಮ್ಮೆ ಮಕ್ಕಳು ಮಾಡಿದ ಚಾರ್ಟ್‌ನಲ್ಲಿ ಅಕ್ಷರ ಸೊಟ್ಟಗಿದೆ ಅಂತ ಪ್ರದರ್ಶನದ ಹಿಂದಿನ ಸಂಜೆ ಕೂತು ನಾನೇ ತಿದ್ದಿ ಬರೆದೆ. ಮರುದಿನ ಬಂದವರು ಕೇಳಿದಾಗ ಒಬ್ಬ ಹುಡುಗ "ಅದು ನಮ್ಮದಲ್ಲ, ಅವರು ಮಾಡಿದ್ದು" ಅಂದ. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಹಾಗಾದರೆ ಮಧ್ಯೆ ಬಾಯಿ ಹಾಕಲೇಬಾರದಾ? ಮೂರು ಸಂದರ್ಭದಲ್ಲಿ ಹಾಕಲೇಬೇಕು. ಯಾರಿಗಾದರೂ ಪೆಟ್ಟಾಗುವ ಹಾಗಿದ್ದರೆ, ಯಾರನ್ನಾದರೂ ಹೀಯಾಳಿಸುತ್ತಿದ್ದರೆ, ಒಪ್ಪಿದ ಬೇಲಿ ದಾಟುತ್ತಿದ್ದರೆ. ಸೊಟ್ಟ ಅಕ್ಷರ, ತಡವಾದ ಸಂಚಿಕೆ, ತಪ್ಪು ಜೋಡಿಸಿದ ಕಪಾಟು ಇದ್ಯಾವುದೂ ಈ ಪಟ್ಟಿಯಲ್ಲಿಲ್ಲ.

ಹಂತ 6: ಜಗಳದ ವಾರವನ್ನು ದಾಟಿಸಿ

ಎರಡನೆಯ ಅಥವಾ ಮೂರನೆಯ ವಾರ ಗುಂಪಿನಲ್ಲಿ ಜಗಳ ಆಗುತ್ತದೆ. ಬಹುತೇಕ ಆಗೇ ಆಗುತ್ತದೆ. "ಅವನು ಏನೂ ಮಾಡಲ್ಲ", "ಅವಳು ಬರೀ ಆರ್ಡರ್ ಮಾಡ್ತಾಳೆ", "ನನ್ನನ್ನ ಬೇರೆ ಗುಂಪಿಗೆ ಹಾಕಿ." ದೊಡ್ಡವರು ಗಾಬರಿಯಾಗಿ ಗುಂಪು ಒಡೆಯುವುದು ಸರಿಯಾಗಿ ಈ ಹೊತ್ತಿಗೇ. ಬ್ರೂಸ್ ಟಕ್ಮನ್ 1965ರಲ್ಲಿ ಚಿಕ್ಕ ಗುಂಪುಗಳು ಬೆಳೆಯುವ ರೀತಿಯನ್ನು ನಾಲ್ಕು ಘಟ್ಟಗಳಾಗಿ ವಿವರಿಸಿದರು: ಸೇರುವುದು, ಗುದ್ದಾಡುವುದು, ಹೊಂದಿಕೊಳ್ಳುವುದು, ಕೆಲಸಕ್ಕೆ ಇಳಿಯುವುದು. ಎರಡನೆಯ ಘಟ್ಟದಲ್ಲೇ ಗುಂಪು ಒಡೆದರೆ ಹೊಸ ಗುಂಪು ಮತ್ತೆ ಒಂದರಿಂದ ಶುರು ಮಾಡುತ್ತದೆ. ವರ್ಷವೆಲ್ಲ ಜಗಳದಲ್ಲೇ ಕಳೆಯುತ್ತದೆ.

ದೂರು ತಂದ ಮಗುವಿಗೆ ಮೂರು ವಾಕ್ಯದಲ್ಲಿ ಹೇಳಲು ಕಲಿಸಿ. ನಡೆದದ್ದು ಏನು, ಅದರಿಂದ ನನಗೆ ಏನಾಯಿತು, ಮುಂದೆ ಏನಾಗಬೇಕು. "ನೀನು ಸೋಮಾರಿ" ಅನ್ನುವುದು ಇದರಲ್ಲಿ ಬರುವುದಿಲ್ಲ. "ನೀನು ಸೋಮವಾರ ಬರಲಿಲ್ಲ, ನಾನೊಬ್ಬಳೇ ಎಲ್ಲಾ ಅಂಟಿಸಿದೆ, ಬರಲ್ಲ ಅಂದ್ರೆ ಹಿಂದಿನ ದಿನವೇ ಹೇಳು" ಅನ್ನುವುದು ಬರುತ್ತದೆ. ಹೇಳುವುದು ನಿಮಗಲ್ಲ, ಆ ಮಗುವಿಗೇ. ನೀವು ಪಕ್ಕದಲ್ಲಿ ನಿಂತಿರಿ ಸಾಕು.

ದರ್ಬಾರು ಮಾಡುವ ಮಗುವನ್ನು ಕೆಳಗಿಳಿಸುವ ಅವಸರ ಬೇಡ. ಅದಕ್ಕೆ ಚುರುಕುತನ ಇದೆ, ಬೇರೆಯವರಿಂದ ಕೆಲಸ ತೆಗೆಯುವ ದಾರಿ ಮಾತ್ರ ಒಂದೇ ಗೊತ್ತು. ಎರಡು ವಾರ ಗಡಿಯಾರ ನೋಡುವ ಕೆಲಸ ಕೊಡಿ, ಯಾರು ಎಷ್ಟು ಹೊತ್ತು ಮಾತಾಡಿದರು ಅಂತ ಗುರುತು ಹಾಕಲಿ. ತನ್ನ ಹೆಸರಿನ ಮುಂದಿನ ಗೆರೆಗಳನ್ನು ತಾನೇ ಎಣಿಸುವಾಗ ನೀವು ಬೇರೆ ಹೇಳಬೇಕಾಗಿಲ್ಲ.

ಹಂತ 7: ಕೆಲಸ ಮುಗಿದ ದಿನ ಹಿಂದಿರುಗಿ ನೋಡಿ

ಅಮೆರಿಕದ ಸೇನೆಯಲ್ಲಿ ಪ್ರತಿ ತಾಲೀಮಿನ ನಂತರ ಸೈನಿಕರೂ ಅಧಿಕಾರಿಗಳೂ ಒಟ್ಟಿಗೆ ಕೂತು ನಾಲ್ಕು ಪ್ರಶ್ನೆ ಕೇಳಿಕೊಳ್ಳುವ ಪದ್ಧತಿ ಇದೆ. ಏನಾಗಬೇಕಿತ್ತು? ಏನಾಯಿತು? ಯಾಕೆ ಹಾಗಾಯಿತು? ಮುಂದಿನ ಸಲ ಏನು ಮಾಡೋಣ? ಮಕ್ಕಳಿಗೂ ಇದು ಸರಿಯಾಗಿ ಹೊಂದುತ್ತದೆ. ಹದಿನೈದು ನಿಮಿಷ ಸಾಕು. ಸಭೆ ನಡೆಸಿದವರು ಮೊದಲು ತಮ್ಮದೊಂದು ತಪ್ಪು ಹೇಳಿ ಶುರು ಮಾಡಲಿ. ನೀವು ಕೂತಿದ್ದರೆ ನಿಮ್ಮ ತಪ್ಪನ್ನೂ ಹೇಳಿ.

ಪ್ರಮಾಣಪತ್ರ, ಬಹುಮಾನದ ಆಸೆ ತೋರಿಸುವ ಮುಂಚೆ ಯೋಚಿಸಿ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಒಂದು ಪ್ರಯೋಗ ಮಾಡಿದರು. ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ "ಬಿಡಿಸಿದರೆ ಪ್ರಮಾಣಪತ್ರ ಕೊಡ್ತೀವಿ" ಅಂತ ಮೊದಲೇ ಹೇಳಿದರು. ಆಮೇಲೆ ಬಿಡುವಿನ ಹೊತ್ತಿನಲ್ಲಿ ಚಿತ್ರ ಬಿಡಿಸುವುದನ್ನು ಆ ಮಕ್ಕಳೇ ಕಡಿಮೆ ಮಾಡಿದರು. ಹೇಳದೇ ಕೊನೆಗೆ ಅಚ್ಚರಿಯಾಗಿ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ. ಕೊಡಲೇಬೇಕು ಅನಿಸಿದರೆ ಹೇಳದೇ ಕೊಡಿ. ಇಲ್ಲವಾದರೆ ಏನು ಚೆನ್ನಾಗಿತ್ತೋ ಅದನ್ನು ಹೆಸರಿಟ್ಟು ಹೇಳಿ. "ನೀನು ಹುಟ್ಟು ನಾಯಕಿ" ಅನ್ನುವುದಕ್ಕಿಂತ "ಅವನು ಸುಮ್ಮನೆ ಕೂತಿದ್ದನ್ನು ನೋಡಿ ನೀನೇ ಕೇಳಿದೆಯಲ್ಲ, ಅದು ಚೆನ್ನಾಗಿತ್ತು" ಅನ್ನುವುದು ಮಗುವಿಗೆ ಮತ್ತೆ ಮಾಡಲು ಬರುವ ಮಾತು.

ಚುನಾವಣೆ ಮಾಡಬಹುದಾ?

ಮಾಡಬಹುದು. ಆದರೆ ಕೈ ಎತ್ತಿಸಬೇಡಿ, ಚೀಟಿ ಹಾಕಿಸಿ. ನಿಲ್ಲುವವರು "ನಾನು ಯಾಕೆ ಒಳ್ಳೆಯವನು" ಅಂತ ಹೇಳುವ ಬದಲು "ಈ ಎರಡು ಕೆಲಸ ಮಾಡ್ತೀನಿ" ಅಂತ ಹೇಳಲಿ. ಅವಧಿ ಎರಡು ಮೂರು ತಿಂಗಳು ಮೀರದಿರಲಿ. ಗೆದ್ದವರು ತಿಂಗಳಿಗೊಮ್ಮೆ ತರಗತಿಗೆ ಲೆಕ್ಕ ಒಪ್ಪಿಸಬೇಕು. 1921ರಲ್ಲಿ ಎ. ಎಸ್. ನೀಲ್ ಶುರು ಮಾಡಿದ ಸಮ್ಮರ್‌ಹಿಲ್ ಶಾಲೆಯ ಸಭೆಗಳಲ್ಲಿ ಶಿಕ್ಷಕರ ವೋಟಿಗೂ ಚಿಕ್ಕ ಮಗುವಿನ ವೋಟಿಗೂ ಒಂದೇ ತೂಕ. ಅಷ್ಟು ದೂರ ಹೋಗಲು ಎಲ್ಲ ಶಾಲೆಗೂ ಆಗಲಿಕ್ಕಿಲ್ಲ. ಗೆದ್ದವರಿಗೆ ಹಂತ 2ರ ಹಾಳೆ ಕೊಡುವುದಂತೂ ಎಲ್ಲರಿಗೂ ಆಗುತ್ತದೆ. ಅದಿಲ್ಲದ ಚುನಾವಣೆ ಬರೀ ಜನಪ್ರಿಯತೆಯ ಪಂದ್ಯ.

ಮನೆಯಲ್ಲಿ?

ಇದೇ ದಾರಿ, ಚಿಕ್ಕದಾಗಿ. ಮನೆಯ ಒಂದು ಕೆಲಸದ ತೀರ್ಮಾನವನ್ನು ಮಗುವಿಗೆ ಪೂರ್ತಿ ಬಿಡಿ. ಭಾನುವಾರದ ಹೊರಗಿನ ಸುತ್ತಾಟವೇ ಇರಲಿ: ಎಲ್ಲಿಗೆ, ಎಷ್ಟು ಹೊತ್ತಿಗೆ, ಏನೇನು ಜೊತೆಗೆ ಒಯ್ಯಬೇಕು. ನೀರಿನ ಬಾಟಲಿ ಮರೆತರೆ ಎಲ್ಲರಿಗೂ ಸ್ವಲ್ಪ ಬಾಯಾರುತ್ತದೆ. "ನಾನು ಮೊದಲೇ ಹೇಳಿದ್ದೆ" ಅನ್ನುವ ಮಾತು ಮಾತ್ರ ನುಂಗಿಕೊಳ್ಳಿ.

ಮುಂದಿನ ಗುಂಪಿಗೆ ಹಸ್ತಾಂತರ

ಕೆಲಸ ಬಿಡುವ ಗುಂಪು ಮುಂದಿನವರಿಗೆ ಒಂದು ಪುಟ ಬರೆದಿಡಬೇಕು. ನೀವು ಹೇಳಿ ಬರೆಸಬೇಡಿ, ತಿದ್ದಲೂ ಬೇಡಿ. ಆ ಪುಟ ಓದಿದರೆ ಮಕ್ಕಳು ಏನು ಕಲಿತರು ಅಂತ ನಿಮಗೇ ಗೊತ್ತಾಗುತ್ತದೆ. ಬರೀ ನಿಯಮಗಳಿದ್ದರೆ ಇನ್ನೂ ಸ್ವಲ್ಪ ಕೆಲಸ ಬಾಕಿ ಇದೆ. ಕಪಾಟಿನ ಗುಂಪೊಂದು ಬಿಟ್ಟುಹೋದ ಪುಟದಲ್ಲಿ ಇದ್ದದ್ದು ಹೀಗೆ: "ಬೀಗ ಬಿಗಿ ಇದೆ, ಸ್ವಲ್ಪ ಮೇಲೆ ಎತ್ತಿ ತಿರುಗಿಸಿ. ಶುಕ್ರವಾರ ತುಂಬಾ ಜನ ಬರ್ತಾರೆ, ಇಬ್ಬರು ಇರಿ. ಪುಸ್ತಕ ಹರಿದು ತಂದವರಿಗೆ ಬೈಬೇಡಿ, ಬೈದ್ರೆ ಆಮೇಲೆ ಹೇಳದೇ ಇಟ್ಟು ಹೋಗ್ತಾರೆ."